ಒಂದೇ ಕಲ್ಲು, ಎರಡು ಮಣ್ಣು: ಕಲಬುರಗಿ ಮತ್ತು ಕಮಲಾಪುರ

ಬಾಳೆಯ ಹಣ್ಣನ್ನು ಅರಿಯದವರು ನಮ್ಮ ನಾಡಿನಲ್ಲಿ ಇರಲಾರರು. ದೇವರ ಮುಂದಣ ಹಣ್ಣುಕಾಯಿಯ ತಟ್ಟೆಯಿಂದ ಹಿಡಿದು ಮುತ್ತೈದೆಯ ಉಡಿಯವರೆಗೆ ಅದಕ್ಕೆ ಸ್ಥಾನವಿದೆ. ಆದರೆ ಹಳದಿಯ ಬದಲು ಕೆಂಪು ಸಿಪ್ಪೆಯನ್ನು ಹೊದ್ದ ಬಾಳೆಹಣ್ಣನ್ನು ಸವಿದವರು ಅಷ್ಟು ಮಂದಿ ಇರಲಿಕ್ಕಿಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ಸುಮಾರು 35–40 ಕಿಲೋಮೀಟರು ದೂರದಲ್ಲಿ ಕಮಲಾಪುರವೆಂಬ ಊರು ಸಿಕ್ಕುತ್ತದೆ. ಈಚಿನ ವರ್ಷಗಳಲ್ಲಿ ತಾಲ್ಲೂಕಿನ ಕೇಂದ್ರವಾಗಿರುವ ಈ ಊರಿನ ಹೆಸರು ಹೊರಗೆ ಹಬ್ಬಿರುವುದು ಅಲ್ಲಿಯ ಕಣಿವೆಯಲ್ಲಿ ಬೆಳೆಯುವ ಕೆಂಪು ಬಾಳೆಯಿಂದ.

ಕಲಬುರಗಿಯೆಂದರೆ ಸುಡುಬಿಸಿಲು, ಕಪ್ಪು ನೆಲ, ತೊಗರಿ, ಜೋಳ. ವರ್ಷಕ್ಕೆ ಸುಮಾರು 700–800 ಮಿಲಿಮೀಟರು ಮಳೆ ಬೀಳುವ, ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವ ಈ ಬಯಲುಸೀಮೆಯಲ್ಲಿ, ನೀರನ್ನೂ ನೆರಳನ್ನೂ ಬೇಡುವ ಬಾಳೆಗೆ ಎಡೆ ದೊರೆತುದು ಹೇಗೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ ನಾವು ಮಣ್ಣಿಗೂ, ಮಣ್ಣಿನಿಂದ ಕಲ್ಲಿಗೂ, ಕಲ್ಲಿನಿಂದ ಮನುಷ್ಯರ ಕಟ್ಟಡಗಳಿಗೂ ಹೋಗಿ ಮುಟ್ಟುತ್ತೇವೆ. ಒಂದು ಪ್ರದೇಶದ ಪರಂಪರೆ ಎಂಬುದು ಕೋಟೆ ಗುಡಿಗಳಷ್ಟೇ ಅಲ್ಲ. ಅವುಗಳ ಕೆಳಗಿರುವ ನೆಲವೂ, ಆ ನೆಲದಲ್ಲಿ ಬೇರು ಬಿಟ್ಟ ಬೆಳೆಯೂ ಅದರಲ್ಲಿ ಸೇರಿವೆ ಎಂಬುದು ಆಗ ಮನದಟ್ಟಾಗುತ್ತದೆ.

ಕಲ್ಲಿನ ಕಥೆ

ಕಲಬುರಗಿ ನಗರದ ಸುತ್ತಮುತ್ತ ನೆಲವನ್ನು ಅಗೆದರೆ ಸಿಕ್ಕುವುದು ಕಪ್ಪು ಬಣ್ಣದ, ಗಟ್ಟಿಯಾದ, ಸಣ್ಣ ಕಣಗಳ ಕಲ್ಲು. ಭೂಗರ್ಭಶಾಸ್ತ್ರಜ್ಞರು ಇದನ್ನು ಬಸಾಲ್ಟ್ ಎಂದು ಕರೆಯುತ್ತಾರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲವು ಬಿರಿದು, ಬಿರುಕುಗಳಿಂದ ಕಾದ ಶಿಲಾರಸವು ಹೊರಹೊಮ್ಮಿತು. ಅದು ಒಂದು ಸಲ ಉಕ್ಕಿ ನಿಂತುದಲ್ಲ. ಹರಿದು, ಆರಿ, ಮತ್ತೆ ಅದರ ಮೇಲೆ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿರುವ ಈ ಕಲ್ಲಿನ ಹಾಸು ತನ್ನ ದಕ್ಷಿಣದ ಅಂಚನ್ನು ಮುಟ್ಟುವುದು ನಮ್ಮ ಉತ್ತರ ಕರ್ನಾಟಕದಲ್ಲಿ.

ಅಂಚಿನಲ್ಲಿರುವುದರಿಂದ ಕಲಬುರಗಿಗೆ ಒಂದು ವಿಶೇಷ ಲಾಭವುಂಟಾಗಿದೆ. ಕಪ್ಪು ಕಲ್ಲಿನ ಹಾಸು ಮುಗಿಯುವಲ್ಲಿ, ಅದರ ಕೆಳಗೆ ಹುದುಗಿದ್ದ ಇನ್ನೂ ಹಳೆಯ ಶಿಲೆಗಳು ತಲೆಯೆತ್ತುತ್ತವೆ. ಇವು ಭೀಮಾ ನದಿಯ ಹೆಸರಿನಿಂದ ಕರೆಯಲ್ಪಡುವ ಸುಣ್ಣಕಲ್ಲಿನ ಪದರಗಳು. ಶಿಲಾರಸವು ಹರಿಯುವುದಕ್ಕೆ ಕೋಟ್ಯಂತರ ವರ್ಷಗಳ ಮುಂಚೆಯೇ, ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿಕೂಡಿ ಇವು ಕಲ್ಲಾದವು. ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಬಿಡಿಸಿಕೊಳ್ಳುವ ಈ ಕಲ್ಲೇ ಮನೆಮನೆಯ ನೆಲಕ್ಕೆ ಹಾಸುವ ಷಾಹಬಾದಿನ ಕಲ್ಲು. ಇಂದು ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳಿಗೂ ಇದೇ ಕಚ್ಚಾ ಪದಾರ್ಥ. ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಪ್ರಾಚೀನ ಶಿಲ್ಪಿಗಳು ಬೌದ್ಧಸ್ತೂಪದ ಫಲಕಗಳನ್ನು ಕೊರೆದುದೂ ಸುಣ್ಣಕಲ್ಲಿನಲ್ಲಿಯೇ. ಅಶೋಕನ ಹೆಸರನ್ನು ಹೊತ್ತ ಅವನ ಚಿತ್ರಫಲಕವು ಅಲ್ಲಿ ದೊರೆತಿರುವುದನ್ನು ಓದುಗರು ಬಲ್ಲರು. ಮೃದುವಾಗಿ ಉಳಿಗೆ ಒಗ್ಗುವ ಕಲ್ಲು ಕೈಯಳತೆಯಲ್ಲಿ ಇಲ್ಲದಿದ್ದರೆ ಅಂತಹ ನವುರಾದ ಕೆಲಸ ಅಲ್ಲಿ ಬೆಳೆಯುತ್ತಿತ್ತೇ ಎಂಬುದು ಸಂದೇಹ.

ಒಂದೇ ಕಲ್ಲಿನಿಂದ ಎರಡು ಮಣ್ಣು

ಬಿಸಿಲು, ಮಳೆ, ಗಾಳಿಗಳಿಗೆ ಸಿಕ್ಕಿ ಕಲ್ಲು ನಿಧಾನವಾಗಿ ಸವೆದು ಮಣ್ಣಾಗುತ್ತದೆ. ಕಪ್ಪು ಕಲ್ಲಿನಿಂದ ಕಪ್ಪು ಮಣ್ಣೇ ಹುಟ್ಟಬೇಕೆಂದು ನಾವು ಭಾವಿಸುವುದು ಸಹಜ. ಆದರೆ ಮಣ್ಣಿನ ಬಣ್ಣವನ್ನು ನಿಶ್ಚಯಿಸುವುದು ಕಲ್ಲೊಂದೇ ಅಲ್ಲ. ಅದರ ಮೇಲೆ ನೀರು ನಿಲ್ಲುತ್ತದೆಯೋ, ಹರಿದುಹೋಗುತ್ತದೆಯೋ ಎಂಬುದು ಅಷ್ಟೇ ಮುಖ್ಯ.

ತಗ್ಗಿನ ಬಯಲಿನಲ್ಲಿ ನೀರು ಬೇಗ ಹರಿದುಹೋಗುವುದಿಲ್ಲ. ಕಲ್ಲಿನಿಂದ ಕರಗಿಬಂದ ಸುಣ್ಣ, ಮೆಗ್ನೀಸಿಯಂ ಮೊದಲಾದ ಲವಣಗಳು ಅಲ್ಲಿಯೇ ಉಳಿಯುತ್ತವೆ. ಇಂತಹ ಪರಿಸ್ಥಿತಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯ ಜೇಡಿ ಉಂಟಾಗುತ್ತದೆ. ಇದರ ಅತಿ ತೆಳುವಾದ ಹಾಳೆಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಇದೇ ನಮ್ಮ ಎರೆಭೂಮಿ. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಎರೆಹೊಲದಲ್ಲಿ ಬಾಯಿಬಿಡುವುದನ್ನು ರೈತರು ಬಲ್ಲರು. ಮೇಲಿನ ಪುಡಿಮಣ್ಣು ಆ ಬಿರುಕುಗಳೊಳಗೆ ಬಿದ್ದು, ಮಳೆಗಾಲದಲ್ಲಿ ಮಣ್ಣು ಮತ್ತೆ ಉಬ್ಬಿದಾಗ ಮೇಲುಕೆಳಗಾಗುತ್ತದೆ. ಆದುದರಿಂದ ಇದು ತನ್ನನ್ನು ತಾನೇ ಉಳುವ ಮಣ್ಣೆಂದು ಹೆಸರಾಗಿದೆ. ಅದೇ ಗುಣದಿಂದ ಮನೆಗಳ ಗೋಡೆಗಳು ಸೀಳುವುದೂ ಉಂಟು. ತಳಪಾಯವನ್ನು ಗಟ್ಟಿ ಕಲ್ಲಿನವರೆಗೆ ಇಳಿಸದೆ ಎರೆಯಲ್ಲಿ ಮನೆ ಕಟ್ಟಿದವನು ಪಶ್ಚಾತ್ತಾಪಪಡಬೇಕಾಗುತ್ತದೆ.

ಗುಡ್ಡದ ಇಳಿಜಾರಿನಲ್ಲಿ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ. ಮಳೆಯ ನೀರು ಅಲ್ಲಿ ನಿಲ್ಲದೆ ಇಳಿದುಹೋಗುತ್ತ ಕರಗುವ ಲವಣಗಳನ್ನು ತನ್ನೊಡನೆ ಒಯ್ಯುತ್ತದೆ. ಕರಗದೆ ಉಳಿಯುವುದು ಕಬ್ಬಿಣ. ಗಾಳಿಯ ಆಮ್ಲಜನಕದೊಡನೆ ಕೂಡಿ ಅದು ತುಕ್ಕಿನ ಬಣ್ಣವನ್ನು ತಾಳುತ್ತದೆ. ಹೀಗೆ ಹುಟ್ಟಿದ ಕೆಂಪು ಮಣ್ಣಿನಲ್ಲಿ ಗಾಳಿಯಾಡುತ್ತದೆ, ಬೇರುಗಳ ಬುಡದಲ್ಲಿ ನೀರು ಕೊಳೆತು ನಿಲ್ಲುವುದಿಲ್ಲ. ಈ ಕ್ರಿಯೆಯು ಬಹುಕಾಲ ನಡೆದು ಪರಾಕಾಷ್ಠೆಗೆ ಮುಟ್ಟಿದಲ್ಲಿ ಜಂಬಿಟ್ಟಿಗೆಯ ಕಲ್ಲು ಉಂಟಾಗುತ್ತದೆ. ಇನ್ನೂ ಉತ್ತರಕ್ಕೆ ಬೀದರಿನ ಪ್ರಸ್ಥಭೂಮಿಯ ನೆತ್ತಿಯಲ್ಲಿ ಅದನ್ನು ಧಾರಾಳವಾಗಿ ಕಾಣಬಹುದು.

ಕಲಬುರಗಿಯ ಕಪ್ಪು ಬಯಲೂ ಕಮಲಾಪುರದ ಕೆಂಪು ಇಳಿಜಾರೂ ಹೀಗೆ ಒಡಹುಟ್ಟಿದವು. ಒಂದು ನೀರನ್ನು ಹಿಡಿದಿಟ್ಟುಕೊಂಡಿತು, ಇನ್ನೊಂದು ಬಿಟ್ಟುಕೊಟ್ಟಿತು; ಅದರಂತೆ ಎರಡರ ಬೆಳೆಗಳೂ ಬೇರೆಯಾದವು.

ಎರೆಯ ಬೆಳೆ

ಕಪ್ಪು ಮಣ್ಣಿನ ಮುಖ್ಯ ಬೆಳೆ ತೊಗರಿ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ. ಮಳೆ ನಿಂತು ಎರಡು ಮೂರು ತಿಂಗಳಾದರೂ ಗಿಡ ಹಸಿರಾಗಿ ನಿಂತು ಹೂ ಬಿಡುವುದಕ್ಕೆ ಅದರ ತಾಯಿಬೇರು ಕಾರಣ. ಆಳಕ್ಕಿಳಿದ ಆ ಬೇರು, ಎರೆಯು ತನ್ನ ಹೊಟ್ಟೆಯಲ್ಲಿ ಅಡಗಿಸಿಟ್ಟುಕೊಂಡ ತೇವವನ್ನು ಹೀರುತ್ತದೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದರಿಂದ ನೆಲದ ಸಾರವೂ ಹೆಚ್ಚುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಅಂದರೆ ಆ ಹೆಸರನ್ನು ಆ ಪ್ರದೇಶದ ಬೆಳೆಗೆ ಮಾತ್ರ ಬಳಸತಕ್ಕದ್ದೆಂದು ಕಾನೂನಿನ ರಕ್ಷಣೆ ಸಿಕ್ಕಿತು.

ಬೆಳೆಯ ಜೊತೆಗೆ ಆಚಾರಗಳೂ ಬೆಳೆದಿವೆ. ಎಳ್ಳಮಾವಾಸ್ಯೆಯ ದಿನ ಈ ಭಾಗದ ಒಕ್ಕಲಿನ ಮನೆಗಳಲ್ಲಿ ಬೀಗ ಬೀಳುತ್ತದೆ, ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಸಜ್ಜೆಯ ಕಡುಬು, ಜೋಳದ ರೊಟ್ಟಿ, ಹತ್ತಾರು ಕಾಯಿಪಲ್ಲೆ ಕಾಳುಗಳನ್ನು ಕೂಡಿಸಿ ಮಾಡಿದ ಭಜ್ಜಿ ಇವುಗಳ ಬುತ್ತಿಯನ್ನು ಕಟ್ಟಿಕೊಂಡು ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಬಳಿಕ ನೆಂಟರಿಷ್ಟರೊಡನೆ ಕುಳಿತು ಉಣ್ಣುತ್ತಾರೆ. ತೊಗರಿ ಕಾಯಿ ಬಲಿಯುತ್ತಿರುವ, ಜೋಳ ಎದ್ದು ನಿಂತಿರುವ ಕಾಲವದು. ಭಜ್ಜಿಯ ಒಂದು ಪಾತ್ರೆಯನ್ನು ಇಣಿಕಿ ನೋಡಿದರೆ ಆ ಋತುವಿನಲ್ಲಿ ಆ ನೆಲದಲ್ಲಿ ಏನೇನು ಬೆಳೆಯುತ್ತದೆಂಬ ಪಟ್ಟಿಯೇ ದೊರೆಯುತ್ತದೆ.

ಕಲ್ಲು ಸುಣ್ಣಗಳ ಚರಿತ್ರೆ

ಕ್ರಿ. ಶ. 1347ರಲ್ಲಿ ಅಲಾಉದ್ದೀನ್ ಬಹಮನ್ ಷಹನು ಕಲಬುರಗಿಯನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯು ಬೀದರಿಗೆ ಹೋದರೂ, ನಡುವಣ ಮುಕ್ಕಾಲು ಶತಮಾನದಲ್ಲಿ ಕಟ್ಟಿದ ಕಟ್ಟಡಗಳು ಇಂದಿಗೂ ನಗರದ ಮುಖಲಕ್ಷಣವಾಗಿ ನಿಂತಿವೆ. ಕೋಟೆಯೊಳಗಿನ ಜಾಮಿ ಮಸೀದಿ ಇವುಗಳಲ್ಲಿ ಅತ್ಯಂತ ಕುತೂಹಲಕರವಾದುದು. 1367ರಲ್ಲಿ ಕಟ್ಟಿದ ಇದರ ಶಾಸನದಲ್ಲಿ ಇರಾನಿನ ಕಜ್ವೀನ್ ಪಟ್ಟಣದ ರಫೀ ಎಂಬುವನ ಹೆಸರಿದೆ.

ಸಾಮಾನ್ಯವಾಗಿ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡದ ಮೇಲೆ ಮಾಡು ಇದೆ. ಪಶ್ಚಿಮದಲ್ಲಿ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಅದಕ್ಕಿಂತ ಚಿಕ್ಕವು ನಾಲ್ಕು, ಉಳಿದ ಭಾಗದ ಮೇಲೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳು. ಗುಮ್ಮಟವು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲದೆ ಹೊರಕ್ಕೂ ತಳ್ಳುತ್ತದೆ. ಆ ಹೊರತಳ್ಳನ್ನು ತಡೆಯದಿದ್ದರೆ ಅದು ಬಿರಿದು ಕುಸಿಯುತ್ತದೆ. ಸಣ್ಣ ಗುಮ್ಮಟಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟಾಗ ಒಂದರ ತಳ್ಳನ್ನು ಇನ್ನೊಂದರ ತಳ್ಳು ಎದುರಿಸಿ, ಎರಡೂ ಸಮವಾಗುತ್ತವೆ. ಕಟ್ಟಕಡೆಯ ಸಾಲಿನ ತಳ್ಳನ್ನು ಅಂಚಿನ ದಪ್ಪ ಕಂಬಗಳೂ ಅಗಲವಾದ ಕಮಾನುಗಳೂ ಹೊರುತ್ತವೆ. ಆ ಕಮಾನುಗಳ ಮೂಲಕವೇ ಒಳಗೆ ಬೆಳಕು ಬರುತ್ತದೆ. ಮಾರ್ಚಿನಿಂದಲೇ ಬಿಸಿಲು ಕಾಯುವ ಊರಿನಲ್ಲಿ ನೆರಳಿನ ಈ ಏರ್ಪಾಟು ಹಿತಕರವೂ ಆಗಿದೆ.

ಇಂತಹ ಕೆಲಸಕ್ಕೆ ಕಲ್ಲಿನಷ್ಟೇ ಗಾರೆಯೂ ಬೇಕು. ಸುಣ್ಣಕಲ್ಲನ್ನು ಸುಟ್ಟಾಗ ಅದರಲ್ಲಿನ ಇಂಗಾಲಾಮ್ಲವಾಯು ಹೊರಟು ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದು, ಮರಳು ಬೆರೆಸಿ, ಅರೆದು ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿ, ವರ್ಷ ವರ್ಷವೂ ಗಟ್ಟಿಯಾಗುತ್ತ, ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಈ ಗಾರೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಗೋಡೆಯ ತೇವವು ಹೊರಹೋಗಲು ದಾರಿಯಿರುತ್ತದೆ. ಹಳೆಯ ಗೋಡೆಗೆ ಇಂದಿನ ಸಿಮೆಂಟನ್ನು ಮೆತ್ತಿದರೆ ಆ ದಾರಿ ಮುಚ್ಚಿಹೋಗುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಲವಣಗಳನ್ನು ಹೊರತಳ್ಳಿ ಕಲ್ಲನ್ನೇ ಉದುರಿಸುತ್ತದೆ. ರಿಪೇರಿಯೇ ರೋಗವಾಗುವುದೆಂದರೆ ಇದು. ಹಳೆಯ ಕಟ್ಟಡಕ್ಕೆ ಹಳೆಯ ಗಾರೆಯೇ ಮದ್ದೆಂದು ಪುರಾತತ್ವದವರು ಹೇಳುವುದು ಹಟದಿಂದಲ್ಲ.

ಕೋಟೆಯ ಹೊರಗೆ ಹಫ್ತ್ ಗುಮ್ಮಜಿನ ರಾಜಗೋರಿಗಳಿವೆ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಇದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿಯಿದೆ. ದರ್ಗಾದ ಉರುಸಿಗೂ ಶರಣಬಸವೇಶ್ವರರ ತೇರಿಗೂ ಸುತ್ತಿನ ಹಳ್ಳಿಗಳ ಜನ ಜಾತಿಮತಗಳನ್ನೆಣಿಸದೆ ಸೇರುವುದು ಈ ಊರಿನ ಹಳೆಯ ರೂಢಿ.

ಕೆಂಪು ಬಾಳೆ

ಈಗ ಮತ್ತೆ ಕಮಲಾಪುರದ ಕಣಿವೆಗೆ ಬರೋಣ. ಬಾಳೆಯ ತವರು ನಮ್ಮ ನಾಡಿನ ಈಶಾನ್ಯ ಭಾಗದಿಂದ ಹಿಡಿದು ಮಲಯ, ಫಿಲಿಪೈನ್ಸ್, ನ್ಯೂಗಿನಿಗಳವರೆಗೆ ಹಬ್ಬಿರುವ ತೇವದ ಕಾಡುಗಳು. ಕೆಂಪು ಬಾಳೆಯು ಕಮಲಾಪುರದಲ್ಲಿ ಮಾತ್ರ ಇರುವ ಜಾತಿಯೇನೂ ಅಲ್ಲ. ಕೇರಳದಲ್ಲಿ ಅದನ್ನು ಚೆಂಕದಳಿ ಎನ್ನುತ್ತಾರೆ, ತಮಿಳುನಾಡಿನಲ್ಲಿ ಸೆವ್ವಾಳೆ, ದೂರದ ಫಿಲಿಪೈನ್ಸಿನಲ್ಲಿ ಮೊರಾಡೊ. ತೇವದ ನಾಡುಗಳ ಈ ಗಿಡವು ಎರೆಸೀಮೆಯ ನಡುವೆ ಬದುಕಿರುವುದೇ ಕಮಲಾಪುರದ ವಿಶೇಷ.

ಇದಕ್ಕೆ ಕಾರಣಗಳು ಮೂರು. ಇಳಿಜಾರಿನ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದ ಕಾರಣ ಗೆಡ್ಡೆ ಕೊಳೆಯುವುದಿಲ್ಲ. ಸುತ್ತಲಿನ ಗುಡ್ಡಗಳು ಬಯಲಿನ ಬಿಸಿಗಾಳಿಯನ್ನು ತಡೆಯುವುದರಿಂದ ಅಗಲವಾದ ಎಲೆಗಳು ಸೀಳಿ ಒಣಗುವುದು ಕಡಿಮೆ. ಮೂರನೆಯದು ಮನುಷ್ಯನ ದುಡಿಮೆ: ಹೇರಳವಾದ ತಿಪ್ಪೆಗೊಬ್ಬರ, ತಪ್ಪದ ನೀರು, ಕಾಯುವ ತಾಳ್ಮೆ. ಸಾಮಾನ್ಯ ಬಾಳೆ ಒಂದು ವರ್ಷದ ಆಚೀಚೆ ಗೊನೆ ಕೊಟ್ಟರೆ, ಕೆಂಪು ಬಾಳೆಗೆ ಸುಮಾರು 18 ತಿಂಗಳು ಬೇಕು. ಆದುದರಿಂದಲೇ ಇದರ ಬೆಲೆ ಹೆಚ್ಚು. ಸಿರಿವಂತರ ಹಣ್ಣೆಂಬ ಹೆಸರೂ ಇದಕ್ಕೆ ಬಂದಿದೆ. ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚನೆಯ ಮಾನ್ಯತೆಯಿದೆ.

ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆಹಣ್ಣಿನ ಬಣ್ಣವೂ ಇದೇ ಗುಂಪಿನದು. ಹಣ್ಣಿನ ಸಿಪ್ಪೆಯಷ್ಟೇ ಅಲ್ಲ, ದಿಂಡೂ ಎಲೆಯ ನಡುನರವೂ ಕೆಂಪು ಛಾಯೆಯನ್ನು ಪಡೆದಿರುತ್ತವೆ. ಒಳಗಿನ ತಿರುಳು ಕೆನೆಬಣ್ಣದ್ದು; ಕಂಪು ಉಳ್ಳದ್ದು. ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕೆರೊಟೀನು ಇದರಲ್ಲಿ ಪೇಟೆಯ ಸಾಮಾನ್ಯ ಹಳದಿ ಬಾಳೆಗಿಂತ ಹೆಚ್ಚಾಗಿದೆ.

ಬೀಜವಿಲ್ಲದ ಬೆಳೆಯ ಗಂಡಾಂತರ

ಬಾಳೆಯ ಹಣ್ಣಿನಲ್ಲಿ ಬೀಜವೇಕಿಲ್ಲವೆಂದು ಯೋಚಿಸಿದವರು ಕಡಿಮೆ. ಕಾಡುಬಾಳೆಯಲ್ಲಿ ಹಲ್ಲು ಮುರಿಯುವಂಥ ಬೀಜಗಳು ತುಂಬಿರುತ್ತವೆ. ಅದರ ಜೀವಕಣದಲ್ಲಿ ವರ್ಣತಂತುಗಳ ಎರಡು ಜೊತೆಗಳು, ಒಟ್ಟು 22 ಇವೆ. ಕೆಂಪು ಬಾಳೆಯಲ್ಲಾದರೋ ಮೂರು ಜೊತೆಗಳು, ಒಟ್ಟು 33. ಮೂರನ್ನು ಎರಡು ಸಮಪಾಲು ಮಾಡಲಾಗದು. ಆದುದರಿಂದ ಪರಾಗವೂ ಅಂಡವೂ ಸರಿಯಾಗಿ ರೂಪುಗೊಳ್ಳುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ತಿರುಳು ತುಂಬಿಕೊಂಡು ಬೆಳೆಯುತ್ತದೆ. ನಮಗೆ ಇದು ಸುಖ. ಗಿಡಕ್ಕೆ ಇದು ಸಂತಾನಹೀನತೆ.

ಹೀಗಿರುವುದರಿಂದ ಬಾಳೆಯನ್ನು ಬೆಳೆಸುವುದು ಬುಡದಲ್ಲೇಳುವ ಕಂದುಗಳಿಂದ. ಕಂದು ತಾಯಿಯ ಮಗುವಲ್ಲ, ತಾಯಿಯೇ. ತೋಟದ ಸಾವಿರ ಗಿಡಗಳು ನೋಡುವುದಕ್ಕೆ ಸಾವಿರವಾದರೂ ಆನುವಂಶಿಕವಾಗಿ ಒಂದೇ. ಒಮ್ಮೊಮ್ಮೆ ಬೆಳೆಯುವ ಮೊಳಕೆಯ ಒಂದು ಕಣದಲ್ಲಿ ಮಾರ್ಪಾಟಾಗಿ ಕೆಂಪು ಬಾಳೆಯಲ್ಲಿ ಹಸಿರು ಗೊನೆ ಬಿಡುವ ಗಿಡ ಕಾಣಿಸಿಕೊಳ್ಳುವುದುಂಟು. ಅಂಥದನ್ನು ಬಿಟ್ಟು ಅಚ್ಚಗೆಂಪಿನ ಕಂದುಗಳನ್ನೇ ನೆಟ್ಟು ಬಂದ ರೈತರ ಕಣ್ಣೇ ಈ ಜಾತಿಯನ್ನು ಉಳಿಸಿರುವುದು.

ಎಲ್ಲವೂ ಒಂದೇ ಆದರೆ, ಒಂದನ್ನು ಕೊಲ್ಲುವ ರೋಗವು ಎಲ್ಲವನ್ನೂ ಕೊಲ್ಲಬಲ್ಲದು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪಾಶ್ಚಾತ್ಯರ ಪೇಟೆಗಳನ್ನೆಲ್ಲ ತುಂಬಿದ್ದ ಬಾಳೆ ಗ್ರೋ ಮಿಷೆಲ್ ಎಂಬ ಒಂದೇ ತಳಿ. ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಬೇರಿನ ಮೂಲಕ ಹೊಕ್ಕು ನೀರಿನ ನಾಳಗಳನ್ನು ಮುಚ್ಚಿ ಮಧ್ಯ ಅಮೆರಿಕದ ತೋಟಗಳನ್ನು ಹಾಳುಗೆಡಹಿತು. 1960ರ ದಶಕದ ಹೊತ್ತಿಗೆ ಪೇಟೆಯು ಆ ತಳಿಯನ್ನು ಬಿಟ್ಟು ಕ್ಯಾವೆಂಡಿಷ್ ತಳಿಗೆ ಬರಬೇಕಾಯಿತು. ಈಗ ಅದೇ ಶಿಲೀಂಧ್ರದ ಇನ್ನೊಂದು ಬಗೆಯು ಕ್ಯಾವೆಂಡಿಷನ್ನೂ ಹಿಡಿದಿದೆ. ಫಿಲಿಪೈನ್ಸಿನಲ್ಲಿಯೂ, ನಮ್ಮ ಬಿಹಾರ, ಉತ್ತರ ಪ್ರದೇಶಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ಕೆಂಪು ಬಾಳೆಯು ಈ ಸೊರಗುರೋಗಕ್ಕೂ, ಗಿಡಹೇನುಗಳು ಹರಡುವ ಗೊಂಚಲುತಲೆ ರೋಗಕ್ಕೂ, ಬೇರಿನ ಜಂತುಹುಳುಗಳಿಗೂ ಬೇಗ ತುತ್ತಾಗುವ ಜಾತಿ.

ಇಲ್ಲಿ ತೊಗರಿಯ ನಿದರ್ಶನವು ಬೋಧಪ್ರದವಾಗಿದೆ. ತೊಗರಿಯನ್ನು ಒಣಗಿಸುವ ನೆಟೆರೋಗವೂ ಫ್ಯುಸೇರಿಯಮಿನ ಒಂದು ಪ್ರಭೇದದಿಂದಲೇ ಬರುವುದು. ಆದರೆ ತೊಗರಿಗೆ ಬೀಜವಿದೆ, ಬೀಜದಲ್ಲಿ ವೈವಿಧ್ಯವಿದೆ. ಸಾವಿರಾರು ನಾಡತಳಿಗಳನ್ನು ರೋಗದ ಮಣ್ಣಿನಲ್ಲಿ ಬೆಳೆದು, ಬದುಕಿ ಉಳಿದುವನ್ನು ಆರಿಸಿ ವಿಜ್ಞಾನಿಗಳು 1986ರಲ್ಲಿ ‘ಮಾರುತಿ’ ಎಂಬ ತಳಿಯನ್ನು ಹೊರತಂದರು; ಅದು ಉತ್ತರ ಕರ್ನಾಟಕದ ಹೊಲಗಳನ್ನು ಬಹುಕಾಲ ಕಾಯಿತು. ಆದರೂ ಹೋರಾಟ ಮುಗಿಯಲಿಲ್ಲ. 2022ರ ಹಂಗಾಮಿನಲ್ಲಿ ನೆಟೆರೋಗವು ಕಲಬುರಗಿಯ ತೊಗರಿಗೆ ಭಾರಿ ಹಾನಿಯನ್ನುಂಟುಮಾಡಿತು. ಬೀಜವುಳ್ಳ ಬೆಳೆಗೇ ಈ ಪಾಡಾದರೆ, ಬೀಜವಿಲ್ಲದ ಬಾಳೆಯ ಪಾಡು ಇನ್ನೂ ಕಠಿಣವೆಂದು ಬೇರೆ ಹೇಳಬೇಕಾಗಿಲ್ಲ.

ಉಳಿಸುವ ಬಗೆ

ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟಗಳು ಹಿಂದಿಗಿಂತ ಕಡಿಮೆಯಾಗಿವೆ. ಒಂದೂವರೆ ವರ್ಷ ಕಾಯಬೇಕಾದ, ರೋಗದ ಭಯವುಳ್ಳ, ಬಾವಿಯ ನೀರನ್ನು ನಂಬಿದ ಬೆಳೆಯನ್ನು ಬಿಟ್ಟು ರೈತನು ಬೇಗ ಹಣ ತರುವ ಬೆಳೆಗೆ ಹೋದರೆ ಅವನನ್ನು ದೂರುವುದು ನ್ಯಾಯವಲ್ಲ. ಪರಂಪರೆಯನ್ನು ಹೊರುವ ಭಾರವನ್ನು ಅವನೊಬ್ಬನ ಹೆಗಲಿಗೇ ಹಾಕಲಾಗದು.

ಮಾಡಬಹುದಾದ ಕೆಲಸಗಳು ಇಲ್ಲದಿಲ್ಲ. ರೋಗವಿಲ್ಲದ, ಅಚ್ಚಗೆಂಪಿನ ತಾಯಿಗಿಡಗಳನ್ನು ಗುರುತಿಸಿ, ಅವುಗಳ ಮೊಳಕೆಯ ತುದಿಯಿಂದ ಪ್ರಯೋಗಶಾಲೆಯಲ್ಲಿ ಅಂಗಾಂಶ ಕೃಷಿಯ ಮೂಲಕ ಶುದ್ಧವಾದ ಸಸಿಗಳನ್ನು ಪಡೆಯಬಹುದು. ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರವು ಇಂತಹ ಕೆಲಸದಲ್ಲಿ ಅನುಭವವುಳ್ಳದ್ದು. ಬೇರೆ ತೋಟದ ಕಂದನ್ನು ಪರೀಕ್ಷಿಸದೆ ತಂದು ನೆಡದಿರುವುದು, ರೋಗ ಕಂಡ ತೋಟದ ಮಣ್ಣನ್ನು ಗುದ್ದಲಿಗೂ ಚಕ್ರಕ್ಕೂ ಅಂಟಿಸಿಕೊಂಡು ಬೇರೆಡೆಗೆ ಒಯ್ಯದಿರುವುದು, ಗುಡ್ಡದ ಇಳಿಜಾರಿನಲ್ಲಿ ಒಡ್ಡು ಹಾಕಿ ಮಳೆಯ ನೀರನ್ನು ಇಂಗಿಸುವುದು ಇವೆಲ್ಲ ಹೆಚ್ಚು ವೆಚ್ಚವಿಲ್ಲದ ಕ್ರಮಗಳು. ಭೌಗೋಳಿಕ ಸೂಚನೆಯ ಹೆಸರಿನಿಂದ ಬರುವ ಹೆಚ್ಚಿನ ಬೆಲೆಯು ವ್ಯಾಪಾರಿಯಲ್ಲಿಯೇ ನಿಲ್ಲದೆ ಬೆಳೆದವನ ಕೈಗೆ ಮುಟ್ಟುವಂತಾದರೆ ಉಳಿದುದನ್ನು ಅವನೇ ನೋಡಿಕೊಳ್ಳುತ್ತಾನೆ.

ಜಾಮಿ ಮಸೀದಿಯ ಗುಮ್ಮಟಗಳು ಒಂದನ್ನೊಂದು ಆತುಕೊಂಡು ಆರೂವರೆ ಶತಮಾನಗಳಿಂದ ನಿಂತಿವೆ. ಅವುಗಳನ್ನು ನೋಡಿಕೊಳ್ಳಲು ಇಲಾಖೆಯಿದೆ, ಕಾಯಿದೆಯಿದೆ. ಬಾಳೆಯ ಗಿಡಕ್ಕೆ ಅಂತಹ ಆಯುಸ್ಸಿಲ್ಲ. ಒಮ್ಮೆ ಗೊನೆ ಕೊಟ್ಟು ಅದು ಸಾಯುತ್ತದೆ. ಅದರ ಪರಂಪರೆ ಉಳಿಯಬೇಕಾದರೆ ಪ್ರತಿ ಸಲವೂ ಯಾರಾದರೂ ಬುಡದ ಕಂದನ್ನು ಅಗೆದು ತೆಗೆದು ಮತ್ತೆ ನೆಡಬೇಕು. ಕಲಬುರಗಿಗೆ ಹೋದವರು ಕೋಟೆಯನ್ನು ನೋಡಿ ಬರುವುದು ವಾಡಿಕೆ. ಇನ್ನೊಂದು ಗಂಟೆಯ ದಾರಿ ಮುಂದೆ ಹೋಗಿ, ಕಮಲಾಪುರದ ರಸ್ತೆಯ ಬದಿಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಯನ್ನು ಅದರ ನ್ಯಾಯವಾದ ಬೆಲೆಗೆ ಕೊಂಡರೆ, ಮುಂದಿನ ಕಂದನ್ನು ನೆಡುವ ಕೈಗೆ ಅಷ್ಟರಮಟ್ಟಿಗೆ ನೆರವಾದಂತಾಗುತ್ತದೆ.